ಆಳ ಮತ್ತು ತಗ್ಗು: ಸರೋವರಗಳ ಅಳತೆಯ ಇತಿಹಾಸವೂ ಕನ್ನಡ ನಾಡಿನ ಕೆರೆಗಳೂ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿಗೆ ಸೇರಿದ ಯಾಣವು ತನ್ನ ಎರಡು ಬೃಹತ್ ಶಿಲಾಶಿಖರಗಳಿಂದ ಪ್ರಸಿದ್ಧವಾದ ಕ್ಷೇತ್ರ. ಭೈರವೇಶ್ವರ ಶಿಖರದ ಎತ್ತರ ಸುಮಾರು 120 ಮೀಟರು. ಮೋಹಿನಿ ಶಿಖರದ್ದು ಸುಮಾರು 90 ಮೀಟರು. ಭಸ್ಮಾಸುರನು ಇಲ್ಲಿಯೇ ಭಸ್ಮವಾದನೆಂದೂ ನೆಲವು ಕಪ್ಪಾಗಿರುವುದಕ್ಕೆ ಅದೇ ಕಾರಣವೆಂದೂ ಸ್ಥಳಪುರಾಣವು ಹೇಳುತ್ತದೆ. ಈ ಕಪ್ಪು ಬಂಡೆಗಳು ಸುಣ್ಣಕಲ್ಲಿನ ಜಾತಿಗೆ ಸೇರಿದವು. ಸುಣ್ಣಕಲ್ಲು ನೀರಿಗೆ ಕರಗುವ ಶಿಲೆಯೆಂಬುದು ತಿಳಿದ ವಿಷಯ. ಕ್ರೊಯೇಷಿಯ ದೇಶದ ಇಮೋಟ್ಸ್ಕಿ ಪಟ್ಟಣದ ಬಳಿ ಇಂಥ ಶಿಲೆಯೇ ಒಳಗೊಳಗೆ ಕರಗಿ, ಗವಿಯ ಮಾಡು ಕುಸಿದು, 'ಕೆಂಪು ಸರೋವರ'ವೆಂಬ ನೂರಾರು ಅಡಿ ಆಳದ ಜಲಕುಂಡವು ಉಂಟಾಗಿದೆ. ಯಾಣದಲ್ಲಿ ಹಾಗಾಗಲಿಲ್ಲ. ಇಲ್ಲಿ ಶಿಲೆಯು ಮೇಲೆದ್ದು ನಿಂತಿತು. ನೀರು ನಿಲ್ಲದೆ ಚಂಡಿಕಾ ಹೊಳೆಯಾಗಿ ಹರಿದು ಅಘನಾಶಿನಿಯನ್ನು ಸೇರಿ ಕಡಲಿಗೆ ಹೋಯಿತು.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಸೀಮೆಯಲ್ಲಿ, ಅಷ್ಟೇ ಏಕೆ, ಇಡೀ ಕನ್ನಡ ನಾಡಿನಲ್ಲಿ, ಜಗತ್ತು ಗಣನೆಗೆ ತೆಗೆದುಕೊಳ್ಳುವಂಥ ಆಳವಾದ ಸಹಜ ಸರೋವರ ಒಂದೂ ಇಲ್ಲ. ಆದರೂ ನಮ್ಮ ನಾಡಿನ ಶಾಸನಗಳಲ್ಲಿ ಕೆರೆಯಷ್ಟು ಪದೇ ಪದೇ ಬರುವ ವಸ್ತುಗಳು ಕೆಲವೇ ಕೆಲವು. ಸಹಜ ಸರೋವರವಿಲ್ಲದ ನಾಡು ಕೆರೆಗಳ ನಾಡಾದುದು ಹೇಗೆ, ಜಗತ್ತಿನ ಅತ್ಯಂತ ಆಳದ ಮತ್ತು ಅತ್ಯಂತ ತಗ್ಗಿನ ಸರೋವರಗಳ ಪಕ್ಕದಲ್ಲಿ ಇಟ್ಟು ನೋಡಿದಾಗ ಈ ಕೆರೆಗಳ ವಿಷಯದಲ್ಲಿ ನಮಗೆ ತಿಳಿದುಬರುವುದೇನು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆಳವೆಂಬುದು ಕೇವಲ ಭೂಗೋಳದ ಅಂಕಿಯಲ್ಲ, ಅದಕ್ಕೂ ಒಂದು ಚರಿತ್ರೆಯುಂಟು, ಆ ಚರಿತ್ರೆಯನ್ನು ದಾಖಲಿಸುವ ಹೊಣೆ ಇತಿಹಾಸದ ವಿದ್ಯಾರ್ಥಿಗಳಿಗೂ ಸೇರಿದ್ದು ಎಂಬುದೇ ಇಲ್ಲಿಯ ಪ್ರತಿಪಾದನೆ.

1. ಎರಡು ಅಳತೆಗಳು, ಎರಡು ಸೊನ್ನೆಗಳು

ಆಳ ಮತ್ತು ತಗ್ಗು ಎಂಬ ಎರಡು ಮಾತುಗಳನ್ನು ನಾವು ಅನೇಕ ವೇಳೆ ಒಂದೇ ಅರ್ಥದಲ್ಲಿ ಬಳಸುವುದುಂಟು. ಅಳತೆಯ ದೃಷ್ಟಿಯಿಂದ ಇವು ಬೇರೆ ಬೇರೆ. ಸರೋವರದ ಆಳವನ್ನು ಅದರ ನೀರಿನ ಮೇಲ್ಮೈಯಿಂದ ಕೆಳಮುಖವಾಗಿ ಎಣಿಸುತ್ತೇವೆ. ತಗ್ಗನ್ನಾದರೋ ಸಮುದ್ರಮಟ್ಟದಿಂದ ಎಣಿಸುತ್ತೇವೆ. ಮೊದಲನೆಯದಕ್ಕೆ ಬೇಕಾದುದು ಒಂದು ಹಗ್ಗ, ಒಂದು ಗುಂಡು, ಒಂದು ದೋಣಿ. ಎರಡನೆಯದಕ್ಕೆ ಸಮುದ್ರದಿಂದ ಆ ಸರೋವರದವರೆಗೂ ಎಡೆಬಿಡದೆ ಸಾಗಿಬಂದ ಭೂಮಾಪನವೇ ಬೇಕು.

ಈ ಭೇದವು ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಾದುದೇನಲ್ಲ. ಮಳೆಗಾಲದಲ್ಲಿ ಕನ್ನಡ ಪತ್ರಿಕೆಗಳು ಜಲಾಶಯಗಳ ಮಟ್ಟವನ್ನು ಪ್ರತಿದಿನವೂ ಪ್ರಕಟಿಸುತ್ತವೆ. ಕೃಷ್ಣರಾಜಸಾಗರದ ಪೂರ್ಣಮಟ್ಟ 124.80 ಅಡಿ ಎಂದೂ ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ ಎಂದೂ ಅಲ್ಲಿ ಅಚ್ಚಾಗಿರುತ್ತದೆ. ಲಿಂಗನಮಕ್ಕಿಯು ಕೃಷ್ಣರಾಜಸಾಗರಕ್ಕಿಂತ ಹದಿನಾಲ್ಕು ಪಟ್ಟು ಆಳವೆಂದು ಇದರಿಂದ ಊಹಿಸಿದರೆ ಅದು ತಪ್ಪಾಗುತ್ತದೆ. ಕೃಷ್ಣರಾಜಸಾಗರದ ಅಂಕಿಯ ಸೊನ್ನೆಯು ಅಣೆಕಟ್ಟಿನ ಬುಡದಲ್ಲಿದೆ. ಲಿಂಗನಮಕ್ಕಿಯ ಅಂಕಿಯ ಸೊನ್ನೆಯು ಸಮುದ್ರದಲ್ಲಿದೆ. ಮೊದಲನೆಯದು ಆಳವನ್ನು ಸೂಚಿಸುವ ಅಂಕಿ, ಎರಡನೆಯದು ಎತ್ತರವನ್ನು ಸೂಚಿಸುವ ಅಂಕಿ.

ಸಮುದ್ರದ ಸೊನ್ನೆಯನ್ನು ಗೊತ್ತುಪಡಿಸುವುದು ತೋರುವಷ್ಟು ಸುಲಭವಲ್ಲ. ಸಮುದ್ರವು ದಿನಕ್ಕೆ ಎರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಮಳೆಗಾಲದಲ್ಲಿ ಒಂದು ಬಗೆ, ಬೇಸಗೆಯಲ್ಲಿ ಒಂದು ಬಗೆ. ಆದುದರಿಂದ ಅನೇಕ ವರ್ಷಗಳ ಉಬ್ಬರ ಇಳಿತಗಳನ್ನು ಬಿಡದೆ ದಾಖಲಿಸಿ ಸರಾಸರಿಯನ್ನು ತೆಗೆಯಬೇಕಾಗುತ್ತದೆ. ಭಾರತದ ಭೂಮಾಪನ ಇಲಾಖೆಯು 1909ರಲ್ಲಿ ಉಪಖಂಡಕ್ಕೆಲ್ಲ ಏಕರೀತಿಯ ಎತ್ತರದ ಜಾಲವನ್ನು ಸಿದ್ಧಪಡಿಸಿದಾಗ, ಒಂಬತ್ತು ಬಂದರುಗಳಲ್ಲಿ ಅಳೆದ ಸರಾಸರಿ ಸಮುದ್ರಮಟ್ಟವನ್ನು ಆಧಾರವಾಗಿ ಹಿಡಿಯಿತು: ಕರಾಚಿ, ಮುಂಬಯಿ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದ್ರಾಸು, ವಿಶಾಖಪಟ್ಟಣ ಮತ್ತು ಒಡಿಶಾ ತೀರದ ಫಾಲ್ಸ್ ಪಾಯಿಂಟ್. ಇವುಗಳಲ್ಲಿ ಕಾರವಾರವು ಯಾಣವಿರುವ ಜಿಲ್ಲೆಯ ಮುಖ್ಯಪಟ್ಟಣವೇ ಆಗಿದೆ. ಆಳವಾದ ಸರೋವರವಿಲ್ಲದ ಈ ಜಿಲ್ಲೆಯು, ಇಡೀ ದೇಶದ ಎತ್ತರ ತಗ್ಗುಗಳನ್ನು ಎಣಿಸಲು ಆಧಾರವಾದ ಸೊನ್ನೆಗೆರೆಗಳಲ್ಲಿ ಒಂದನ್ನು ಒದಗಿಸಿತೆಂಬ ಸಂಗತಿಯು ಸ್ಮರಣಾರ್ಹವಾಗಿದೆ.

2. ಆಳದ ಶೋಧನೆ

ಜಗತ್ತಿನ ಅತ್ಯಂತ ಆಳವಾದ ಸರೋವರವು ಸೈಬೀರಿಯದ ಬೈಕಾಲ್. ಅದರ ಗರಿಷ್ಠ ಆಳ 1642 ಮೀಟರು. ಯಾಣದ ಭೈರವೇಶ್ವರ ಶಿಖರದಂಥ ಹದಿಮೂರು ಶಿಖರಗಳನ್ನು ಒಂದರ ಮೇಲೊಂದು ಪೇರಿಸಿ ಅಲ್ಲಿ ಇಳಿಸಿದರೂ ತುದಿಯು ನೀರಿನಿಂದ ಹೊರಗೆ ಕಾಣಿಸದು. ಆದರೆ ಬೈಕಾಲಿನ ಮೇಲ್ಮೈಯು ಸಮುದ್ರಮಟ್ಟಕ್ಕಿಂತ ಸುಮಾರು 456 ಮೀಟರು ಎತ್ತರದಲ್ಲಿದೆ. ಅದರ ತಳವು ಸಮುದ್ರಮಟ್ಟಕ್ಕಿಂತ ಸುಮಾರು 1186 ಮೀಟರು ಕೆಳಗಿದೆ. ಮೇಲ್ಮೈಯಿಂದ ನೋಡಿದರೆ ಎತ್ತರದ ಸರೋವರ, ತಳದಿಂದ ನೋಡಿದರೆ ತಗ್ಗಿನ ಸರೋವರ. ಭೂಮಿಯ ಮೇಲೆ ಹೆಪ್ಪುಗಟ್ಟದೆ ಇರುವ ಸಿಹಿನೀರಿನ ಐದನೆಯ ಒಂದು ಭಾಗದಷ್ಟು ಇದರಲ್ಲಿಯೇ ಅಡಗಿದೆ. ಎರಡನೆಯ ಸ್ಥಾನವು ಪೂರ್ವ ಆಫ್ರಿಕದ ಟ್ಯಾಂಗನೀಕಕ್ಕೆ ಸಲ್ಲುತ್ತದೆ. ಅದರ ಆಳ ಸುಮಾರು 1470 ಮೀಟರು. ಸುಮಾರು 1025 ಮೀಟರು ಆಳದ ಕ್ಯಾಸ್ಪಿಯನ್ ಹೆಸರಿನಿಂದ ಸಮುದ್ರವಾದರೂ, ಸುತ್ತಲೂ ನೆಲದಿಂದ ಆವೃತವಾಗಿರುವುದರಿಂದ ಇದೇ ಪಂಕ್ತಿಗೆ ಸೇರುತ್ತದೆ.

ಬೈಕಾಲ್ ಮತ್ತು ಟ್ಯಾಂಗನೀಕಗಳೆರಡೂ ಭೂಮಿಯ ಚಿಪ್ಪು ಸೀಳಿ ಅಗಲುತ್ತಿರುವ ಬಿರುಕುಗಳಲ್ಲಿ ನೆಲೆಸಿವೆ. ಬೈಕಾಲಿನ ವಯಸ್ಸು ಸುಮಾರು ಎರಡೂವರೆ ಕೋಟಿ ವರ್ಷಗಳೆಂದು ಗಣಿಸಲಾಗಿದೆ. ಸಾಮಾನ್ಯ ಸರೋವರವೊಂದು ನದಿ ತಂದ ಹೂಳಿನಿಂದ ಕೆಲವು ಸಾವಿರ ವರ್ಷಗಳಲ್ಲಿಯೇ ತುಂಬಿಹೋಗುತ್ತದೆ. ಬೈಕಾಲಿನಲ್ಲಿಯೂ ಹೂಳು ಕೂಡುತ್ತದೆ. ಅದರ ತಳದಲ್ಲಿ ಹಲವು ಕಿಲೋಮೀಟರುಗಳ ದಪ್ಪಕ್ಕೆ ಹೂಳು ಶೇಖರವಾಗಿದೆ. ಆದರೆ ತಳವೇ ಕೆಳಕ್ಕೆ ಕುಸಿಯುತ್ತಿರುವುದರಿಂದ ಸರೋವರವು ಆಳವಾಗಿಯೇ ಉಳಿದಿದೆ. ಮುಂದೆ ನಮ್ಮ ಕೆರೆಗಳ ವಿಚಾರಕ್ಕೆ ಬರುವಾಗ ಈ ಅಂಶವನ್ನು ನೆನಪಿನಲ್ಲಿಡಬೇಕು. ಬೈಕಾಲಿನಲ್ಲಿ ಹೂಳಿನೊಡನೆ ಸ್ಪರ್ಧಿಸುವುದು ಭೂಮಿ.

ಈ ಅಂಕಿಗಳು ಒಮ್ಮೆಗೇ ದೊರೆತವುಗಳಲ್ಲ. 1863ರ ಪೋಲಿಷ್ ದಂಗೆಯ ತರುವಾಯ ಸೈಬೀರಿಯಕ್ಕೆ ಗಡಿಪಾರಾದ ಬೆನೆಡಿಕ್ಟ್ ದಿಬೋವ್ಸ್ಕಿ ಎಂಬ ಪ್ರಾಣಿಶಾಸ್ತ್ರಜ್ಞನು, ತನ್ನಂತೆಯೇ ಗಡಿಪಾರಾಗಿದ್ದ ವಿಕ್ಟರ್ ಗೊದ್ಲೆವ್ಸ್ಕಿಯೊಡನೆ ಸೇರಿ, ಚಳಿಗಾಲದಲ್ಲಿ ಗಟ್ಟಿಯಾಗುವ ಸರೋವರದ ಮಂಜುಗಡ್ಡೆಯನ್ನು ಕೊರೆದು ಹಗ್ಗವನ್ನು ಇಳಿಬಿಟ್ಟು ಆಳವನ್ನು ಅಳೆದನು. ಅದು ಸಾವಿರ ಮೀಟರನ್ನು ಮೀರಿದೆಯೆಂಬುದು ಆಗ ವ್ಯಕ್ತವಾಯಿತು. 19ನೆಯ ಶತಮಾನದ ಕೊನೆಯಲ್ಲಿ ಫ್ಯೋದರ್ ದ್ರಿಝೆಂಕೊನ ನಾಯಕತ್ವದ ಜಲಮಾಪನ ತಂಡವು ಇಡೀ ಸರೋವರದ ನಕಾಶೆಯನ್ನು ತಯಾರಿಸುವ ಕೆಲಸವನ್ನು ಕೈಗೊಂಡಿತು. 20ನೆಯ ಶತಮಾನದಲ್ಲಿ ಹಗ್ಗದ ಸ್ಥಾನವನ್ನು ಶಬ್ದದ ಪ್ರತಿಧ್ವನಿ ಹಿಡಿಯಿತು.

ಹಗ್ಗದ ಅಳತೆಯನ್ನು ತಾತ್ಸಾರ ಮಾಡುವಂತಿಲ್ಲ. ಅಮೆರಿಕದ ಒರೆಗಾನ್ ಪ್ರಾಂತದಲ್ಲಿ ಜ್ವಾಲಾಮುಖಿಯ ಬಾಯಿ ಕುಸಿದು ಉಂಟಾದ ಕ್ರೇಟರ್ ಸರೋವರವನ್ನು 1886ರಲ್ಲಿ ಕ್ಲಾರೆನ್ಸ್ ಡಟನ್ ಎಂಬುವನ ತಂಡವು ಪಿಯಾನೊ ವಾದ್ಯದ ತಂತಿಗೆ ಭಾರ ಕಟ್ಟಿ ಅಳೆಯಿತು. ಅವರಿಗೆ ದೊರೆತ ಗರಿಷ್ಠ ಆಳ 1996 ಅಡಿ. ಆಧುನಿಕ ಯಂತ್ರಗಳು ಕೊಟ್ಟಿರುವ ಅಂಕಿ 1943 ಅಡಿ. ಇಷ್ಟು ದೊಡ್ಡ ಆಳದಲ್ಲಿ ಐವತ್ತು ಅಡಿಗಳ ಅಂತರವು, ಸಾಧನವು ಸರಳವಾದರೂ ಶ್ರದ್ಧೆಯಿಂದ ಮಾಡಿದ ಅಳತೆಯು ಎಷ್ಟು ನಂಬಲರ್ಹವೆಂಬುದನ್ನು ತೋರಿಸುತ್ತದೆ.

3. ತಗ್ಗಿನ ಶೋಧನೆ

ತಗ್ಗಿನ ಇತಿಹಾಸವು ಇನ್ನೂ ವಿಸ್ಮಯಕರವಾದುದು. ಪಶ್ಚಿಮ ಏಷ್ಯದ ಮೃತ ಸಮುದ್ರವು ಬೈಬಲಿನ ಕಾಲದಿಂದಲೂ ಪರಿಚಿತವಾದ ಜಲರಾಶಿ. ಅದರ ಉಪ್ಪನ್ನೂ ಮೃತ್ತೈಲವನ್ನೂ ಪ್ರಾಚೀನರು ಬಲ್ಲವರಾಗಿದ್ದರು. ಆದರೆ ಅದು ಸಮುದ್ರಕ್ಕಿಂತ ಕೆಳಗಿದೆಯೆಂಬುದು 1837ರವರೆಗೂ ವಿದ್ವಜ್ಜಗತ್ತಿಗೆ ತಿಳಿದಿರಲಿಲ್ಲ. ಆ ವರ್ಷ ಮೂರ್ ಮತ್ತು ಬೀಕ್ ಎಂಬ ಇಬ್ಬರು ಅಲ್ಲಿ ನೀರನ್ನು ಕುದಿಸಿ ನೋಡಿದರು. ಎತ್ತರಕ್ಕೆ ಹೋದಂತೆ ನೀರು ಕಡಿಮೆ ಶಾಖದಲ್ಲಿ ಕುದಿಯುತ್ತದೆ. ತಗ್ಗಿಗೆ ಇಳಿದಂತೆ ಹೆಚ್ಚು ಶಾಖ ಬೇಕಾಗುತ್ತದೆ. ಮೃತ ಸಮುದ್ರದ ದಡದಲ್ಲಿ ನೀರು ಕಡಲತೀರದಲ್ಲಿ ಕುದಿಯುವುದಕ್ಕಿಂತಲೂ ಹೆಚ್ಚಿನ ಶಾಖದಲ್ಲಿ ಕುದಿಯಿತು. ಅವರು ಹೇಳಿದ ಅಂಕಿಯು ನಿಜವಾದ ತಗ್ಗಿಗಿಂತ ಬಹಳ ಕಡಿಮೆಯಾಗಿತ್ತಾದರೂ, ತೀರ್ಮಾನದ ದಿಕ್ಕು ಸರಿಯಾಗಿಯೇ ಇತ್ತು. 1841ರಲ್ಲಿ ಸೈಮಂಡ್ಸ್ ಎಂಬ ಸೇನಾಧಿಕಾರಿಯು ತ್ರಿಕೋನ ಮಾಪನದ ಮೂಲಕ ಸುಮಾರು 1312 ಅಡಿಗಳ ತಗ್ಗನ್ನು ನಿರ್ಧರಿಸಿದನು.

ಇದೇ ಕುದಿನೀರಿನ ವಿಧಾನವು ದಾರಿ ತಪ್ಪಿಸಿದ ಉದಾಹರಣೆಯೂ ಉಂಟು. 1858ರಲ್ಲಿ ಟ್ಯಾಂಗನೀಕವನ್ನು ತಲಪಿದ ಬರ್ಟನ್ ಮತ್ತು ಸ್ಪೀಕ್ ಅದರ ಎತ್ತರವನ್ನು ಸುಮಾರು 1850 ಅಡಿಯೆಂದು ಲೆಕ್ಕ ಹಾಕಿದರು. ನಿಜವಾದ ಎತ್ತರ 2500 ಅಡಿಗೂ ಹೆಚ್ಚು. ನೈಲ್ ನದಿಯ ಮೂಲ ಯಾವುದೆಂಬ ವಾದದಲ್ಲಿ ಸರೋವರಗಳ ಎತ್ತರವೇ ಮುಖ್ಯ ಸಾಕ್ಷ್ಯವಾಗಿದ್ದ ಕಾಲದಲ್ಲಿ ಇಂಥ ಅಂಕಿಯ ಮೇಲೆ ಎಷ್ಟು ಭಾರ ಬಿದ್ದಿತೆಂಬುದನ್ನು ಊಹಿಸಬಹುದು. ಅಳತೆಯನ್ನು ಸಾಕ್ಷ್ಯವಾಗಿ ಸ್ವೀಕರಿಸುವ ಮುನ್ನ ಅಳೆದ ಬಗೆಯನ್ನು ವಿಚಾರಿಸಬೇಕೆಂಬ ನಿಯಮವು ಶಾಸನಕ್ಕೆ ಹೇಗೋ ಸರೋವರಕ್ಕೂ ಹಾಗೆಯೇ ಅನ್ವಯಿಸುತ್ತದೆ.

ಇಂದು ಮೃತ ಸಮುದ್ರದ ಮೇಲ್ಮೈಯು ಸಮುದ್ರಮಟ್ಟಕ್ಕಿಂತ 430 ಮೀಟರಿಗೂ ಹೆಚ್ಚು ಕೆಳಗಿದ್ದು, ವರ್ಷಕ್ಕೆ ಸುಮಾರು ಒಂದು ಮೀಟರಿನಂತೆ ಇಳಿಯುತ್ತಲೇ ಇದೆ. ಬಯಲಿಗೆ ತೆರೆದ ಸರೋವರಗಳಲ್ಲಿ ಇದೇ ಅತ್ಯಂತ ತಗ್ಗಿನದು. ಅಂಟಾರ್ಕ್ಟಿಕದ ಹಿಮದಡಿಯಲ್ಲಿ ಹುದುಗಿರುವ ವೊಸ್ತೋಕ್ ಸರೋವರವನ್ನು ಲೆಕ್ಕಕ್ಕೆ ಹಿಡಿದರೆ ಮಾತು ಬೇರೆಯಾಗುತ್ತದೆ. ಅದರ ಮೇಲ್ಮೈಯು ಸಮುದ್ರಮಟ್ಟಕ್ಕಿಂತ ಸುಮಾರು 500 ಮೀಟರು ಕೆಳಗಿದೆಯೆಂದು ಅಂದಾಜು. ಸಿಹಿನೀರಿನ ತೆರೆದ ಸರೋವರಗಳಲ್ಲಿ ಅತ್ಯಂತ ತಗ್ಗಿನದಾದ ಗಲಿಲೀ ಸರೋವರವು ಸುಮಾರು 210 ಮೀಟರು ಕೆಳಗಿದೆ. ಆಫ್ರಿಕದ ಜಿಬೂಟಿಯಲ್ಲಿರುವ ಅಸ್ಸಾಲ್ ಸರೋವರವು ಸುಮಾರು 155 ಮೀಟರು ಕೆಳಗಿದೆ.

ಮೃತ ಸಮುದ್ರದ ಇಳಿತವು ಪ್ರಕೃತಿಯ ಕಾರ್ಯವಲ್ಲ. ಅದಕ್ಕೆ ನೀರುಣಿಸುತ್ತಿದ್ದ ಜೋರ್ಡಾನ್ ನದಿಯ ನೀರನ್ನು ಮೇಲ್ಭಾಗದಲ್ಲಿಯೇ ಬೇಸಾಯಕ್ಕೂ ಪಟ್ಟಣಗಳಿಗೂ ತಿರುಗಿಸಿಕೊಂಡುದು ಮುಖ್ಯ ಕಾರಣ. ಗಲಿಲೀ ಸರೋವರದಿಂದ ನೀರನ್ನೊಯ್ಯುವ ಇಸ್ರೇಲಿನ ಮಹಾಕಾಲುವೆಯು 1964ರಲ್ಲಿ ಕಾರ್ಯಾರಂಭ ಮಾಡಿತು. ಇದಕ್ಕೆ ಪ್ರತಿಯಾಗಿ ಬೈಕಾಲಿನಲ್ಲಿ, ಇರ್ಕುತ್ಸ್ಕ್ ಅಣೆಕಟ್ಟಿನ ದೆಸೆಯಿಂದ 1950ರ ದಶಕದ ಕೊನೆಯಲ್ಲಿ ನೀರು ಸುಮಾರು ಒಂದು ಮೀಟರಿನಷ್ಟು ಏರಿತು. ಅಂದಮೇಲೆ ಜಗತ್ತಿನ ಅತ್ಯಂತ ತಗ್ಗಿನ ಸರೋವರದ ತಗ್ಗಿನಲ್ಲಿಯೂ ಅತ್ಯಂತ ಆಳದ ಸರೋವರದ ಮಟ್ಟದಲ್ಲಿಯೂ ಮನುಷ್ಯನ ಕೈ ಕಾಣುತ್ತದೆ.

4. ಕನ್ನಡ ನಾಡಿನ ಕೆರೆ

ದಕ್ಷಿಣ ಭಾರತದ ಪ್ರಸ್ಥಭೂಮಿಯು ಅತಿ ಪ್ರಾಚೀನವಾದ, ಬಹುಕಾಲದಿಂದ ಸ್ಥಿರವಾಗಿ ನಿಂತಿರುವ ಶಿಲಾಪೀಠ. ಇಲ್ಲಿ ಆಫ್ರಿಕದಲ್ಲಿರುವಂತೆ ಅಗಲುತ್ತಿರುವ ಬಿರುಕು ಇಲ್ಲ, ಉತ್ತರ ಯೂರೋಪಿನಲ್ಲಿರುವಂತೆ ಹಿಮನದಿ ಕೊರೆದ ಕುಳಿಗಳಿಲ್ಲ, ಜೀವಂತ ಜ್ವಾಲಾಮುಖಿಗಳಿಲ್ಲ. ಮಹಾರಾಷ್ಟ್ರದ ಲೋಣಾರ ಸರೋವರವು ಉಲ್ಕಾಪಾತದಿಂದ ಉಂಟಾದ ಅಪವಾದ. ಪಶ್ಚಿಮ ಘಟ್ಟದ ಕಡಲ ಕಡೆಯಲ್ಲಂತೂ ಇಳಿಜಾರು ಕಡಿದಾದುದರಿಂದ ನೀರಿಗೆ ತಂಗಲು ವ್ಯವಧಾನವೇ ಇಲ್ಲ. ಪ್ರಕೃತಿಯು ಸರೋವರವನ್ನು ಕೊಡದ ನಾಡಿನಲ್ಲಿ ಜನರು ಅದನ್ನು ತಾವೇ ಕಟ್ಟಿಕೊಳ್ಳಬೇಕಾಯಿತು.

ಈ ಕಟ್ಟುವಿಕೆಯು ಎಷ್ಟು ಪ್ರಾಚೀನವೆಂಬುದಕ್ಕೆ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಸಾಕ್ಷ್ಯವಿದೆ. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ನಾಗಶಿಲೆಯ ಮೇಲಿನ ಪ್ರಾಕೃತ ಶಾಸನವು, ಚುಟು ವಂಶದ ಅರಸನ ಮಗಳು ನಾಗವಿಗ್ರಹವನ್ನೂ ವಿಹಾರವನ್ನೂ ಒಂದು ತಟಾಕವನ್ನೂ ದಾನವಾಗಿತ್ತುದನ್ನು ತಿಳಿಸುತ್ತದೆ. ಕದಂಬ ಮಯೂರಶರ್ಮನ ಚಂದ್ರವಳ್ಳಿ ಶಾಸನದ ವಿಷಯವೂ ತಟಾಕವೇ. ಕುಬ್ಜ ಕವಿಯು ರಚಿಸಿದ ತಾಳಗುಂದದ ಸ್ತಂಭಶಾಸನವು, ಕಾಕುಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿ ತಟಾಕವನ್ನು ಕಟ್ಟಿಸಿದುದನ್ನು ಹೇಳುತ್ತದೆ. ಕನ್ನಡ ನಾಡಿನ ರಾಜಕೀಯ ಇತಿಹಾಸಕ್ಕೆ ಮೂಲಾಧಾರಗಳಾದ ಈ ಶಾಸನಗಳು ಹೀಗೆ ಕೆರೆಗಳ ಇತಿಹಾಸಕ್ಕೂ ಮೂಲಾಧಾರಗಳಾಗಿವೆ.

ಮುಂದಿನ ಶತಮಾನಗಳಲ್ಲಿ ಕೆರೆಗಳ ಹೆಸರುಗಳು 'ಸಮುದ್ರ', 'ಸಾಗರ' ಎಂದು ಬೆಳೆದವು. ಚನ್ನಗಿರಿಯ ಬಳಿ ಎರಡು ಗುಡ್ಡಗಳ ನಡುವಣ ಕಿರಿದಾದ ಕಣಿವೆಗೆ ಏರಿಯನ್ನು ಹಾಕಿ ನಿರ್ಮಿಸಿದ ಸೂಳೆಕೆರೆಗೆ ಶಾಂತಿಸಾಗರವೆಂಬ ಹೆಸರುಂಟು. ಸಾವಿರ ಮೀಟರು ಆಳದ ಕ್ಯಾಸ್ಪಿಯನ್ನಿಗೆ ಸಮುದ್ರವೆಂಬ ಹೆಸರು ಸಂದಂತೆ, ಕೆಲವು ಆಳುದ್ದದ ನಮ್ಮ ಕೆರೆಗಳಿಗೂ ಅದೇ ಹೆಸರು ಸಂದಿತು. ಇಲ್ಲಿ ಹೆಸರು ಸೂಚಿಸುವುದು ಆಳವನ್ನಲ್ಲ, ಹರವನ್ನು ಮತ್ತು ಅದರ ಕೆಳಗೆ ಬೆಳೆಯುವ ಗದ್ದೆಯ ವಿಸ್ತಾರವನ್ನು.

ಕೆರೆಯ ಆಳದ ಬೆಲೆಯು ನಮ್ಮ ಪೂರ್ವಿಕರಿಗೆ ತಿಳಿದಿರಲಿಲ್ಲವೆಂದು ಇದರ ಅರ್ಥವಲ್ಲ. ಇಂದಿನ ಆಂಧ್ರಪ್ರದೇಶದ ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಮೊದಲನೆಯ ಬುಕ್ಕರಾಯನ ಮಗನಾದ ಭಾಸ್ಕರನು 1369ರಲ್ಲಿ ಹಾಕಿಸಿದ ಸಂಸ್ಕೃತ ಶಾಸನವು, ಉತ್ತಮವಾದ ಕೆರೆಗೆ ಹನ್ನೆರಡು ಅಂಗಗಳನ್ನೂ ಕೆರೆಗೆ ಒದಗುವ ಆರು ದೋಷಗಳನ್ನೂ ಎಣಿಸುತ್ತದೆ. ವಿಸ್ತಾರವೂ ಆಳವೂ ಉಳ್ಳ ಒಡಲು ಅಂಗಗಳಲ್ಲಿ ಒಂದು. ಒಡಲಿನ ನಡುವೆ ಆಮೆಯ ಬೆನ್ನಿನಂತೆ ಉಬ್ಬಿದ ನೆಲವು ದೋಷಗಳಲ್ಲಿ ಒಂದು. ಏರಿಯ ಉದ್ದ, ಅಗಲ, ಎತ್ತರಗಳನ್ನೂ, ಎರಡು ವರ್ಷ ದುಡಿದ ಸಾವಿರ ಆಳುಗಳನ್ನೂ ನೂರು ಬಂಡಿಗಳನ್ನೂ ಶಾಸನವು ಲೆಕ್ಕಕ್ಕೆ ತರುತ್ತದೆ. ಇಂಥ ವಿವರವು ಅಪರೂಪ. ಸಾಮಾನ್ಯವಾಗಿ ನಮ್ಮ ಕೆರೆ ಶಾಸನಗಳಲ್ಲಿ ದಾನಿಯ ವಂಶ, ತಿಥಿ, ನಕ್ಷತ್ರ, ಎಲ್ಲೆಗಲ್ಲುಗಳು, ತೂಬಿನ ಕೆಳಗಣ ಗದ್ದೆ, ಇವೆಲ್ಲ ಇರುತ್ತವೆ. ನೀರು ಎಷ್ಟು ಆಳವಿದ್ದಿತೆಂಬುದು ಮಾತ್ರ ಇರುವುದಿಲ್ಲ.

ಆದರೆ ಆಳವನ್ನು ಉಳಿಸಿಕೊಳ್ಳುವ ವ್ಯವಸ್ಥೆಯ ಉಲ್ಲೇಖಗಳು ಬೇಕಾದಷ್ಟಿವೆ. ಕೆರೆಯ ರಕ್ಷಣೆಗೆಂದು ಬಿಟ್ಟ ಭೂಮಿಯನ್ನು ಬಿತ್ತುವಟ್ಟ, ಕಟ್ಟುಕೊಡಗೆ, ದಸವಂದ ಮೊದಲಾದ ಹೆಸರುಗಳಿಂದ ಕರೆದಿದ್ದಾರೆ. ಹೂಳು ಸಾಗಿಸುವ ಬಂಡಿಗಾಗಿ, ಬಂಡಿ ಎಳೆಯುವ ಕೋಣಗಳಿಗಾಗಿ ದತ್ತಿ ಬಿಟ್ಟ ಶಾಸನಗಳೂ ಉಂಟು. ಬೈಕಾಲಿನಲ್ಲಿ ಹೂಳಿನೊಡನೆ ಸ್ಪರ್ಧಿಸುವುದು ಭೂಮಿಯೆಂದು ಹಿಂದೆ ಹೇಳಿದೆವು. ಕನ್ನಡ ನಾಡಿನಲ್ಲಿ ಆ ಕೆಲಸವನ್ನು ಮಾಡಬೇಕಾದವನು ಊರಿನ ಮನುಷ್ಯ. ಬಂಡಿ ನಿಂತ ವರ್ಷದಿಂದ ಕೆರೆಯ ಆಳವು ಕುಗ್ಗತೊಡಗುತ್ತದೆ. ಆದುದರಿಂದ ಒಂದು ಕೆರೆಯ ಆಳವು ಆ ಊರಿನ ಆಡಳಿತ ಯಾವಾಗ ಬಲವಾಗಿತ್ತು, ಯಾವಾಗ ಸಡಿಲವಾಯಿತೆಂಬುದಕ್ಕೆ ಒಂದು ಸಾಕ್ಷ್ಯವಾಗಬಲ್ಲುದು. ಈ ಸಾಕ್ಷ್ಯವನ್ನು ನಾವು ಇನ್ನೂ ಓದಲು ತೊಡಗಿಲ್ಲವೆಂದೇ ಹೇಳಬೇಕು.

5. ಯಾಣದ ಆಸುಪಾಸು

ಮತ್ತೆ ಯಾಣದ ಸೀಮೆಗೆ ಬರೋಣ. ಯಾಣದಿಂದ ಇಳಿದ ನೀರು ಸೇರುವ ಅಘನಾಶಿನಿಯು ಇಂದಿಗೂ ದೊಡ್ಡ ಅಣೆಕಟ್ಟಿಲ್ಲದೆ ಹರಿಯುವ ಹೊಳೆ. ಕುಮಟಾ ತಾಲೂಕಿನ ಅದರ ಅಳಿವೆಯಲ್ಲಿ ಗಜನಿಯೆಂಬ ಭೂಮಿಯುಂಟು. ಉಬ್ಬರದ ಉಪ್ಪುನೀರು ಏರುವ ಮಟ್ಟಕ್ಕಿಂತ ಈ ನೆಲವು ತಗ್ಗಿನಲ್ಲಿರುವುದರಿಂದ, ಕಟ್ಟೆ ಹಾಕಿ, ಕಿಂಡಿಗಳಿಗೆ ಹಲಗೆ ಇಟ್ಟು, ಮಳೆಯ ಸಿಹಿನೀರಿನ ಬಲದಿಂದ ಅಲ್ಲಿ ಕಗ್ಗವೆಂಬ ಉಪ್ಪು ಸಹಿಸುವ ಬತ್ತವನ್ನು ಬೆಳೆಯುತ್ತ ಬಂದಿದ್ದಾರೆ. ಮೃತ ಸಮುದ್ರದ ತಗ್ಗನ್ನು ವಿದ್ವಾಂಸರು 1837ರಲ್ಲಿ ಕಂಡುಕೊಂಡರು. ಗಜನಿಯ ಒಕ್ಕಲಿಗನಾದರೋ ತನ್ನ ನೆಲವು ಕಡಲ ಉಬ್ಬರಕ್ಕಿಂತ ಎಷ್ಟು ತಗ್ಗೆಂಬುದನ್ನು ಪ್ರತಿ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಕಟ್ಟೆಯ ಅಂಚನ್ನು ನೋಡಿಯೇ ತಿಳಿಯುತ್ತಿದ್ದನು.

ಹೊನ್ನಾವರದಲ್ಲಿ ಕಡಲನ್ನು ಸೇರುವ ಶರಾವತಿಯ ಕಥೆಯು ಬೇರೆ. ಅದರ ಮೇಲ್ದಂಡೆಯಲ್ಲಿ, ಶಿವಮೊಗ್ಗ ಜಿಲ್ಲೆಯ ಮಡೆನೂರಿನ ಬಳಿ, 1948ರ ಹೊತ್ತಿಗೆ ಹಿರೇಭಾಸ್ಕರ ಅಣೆಕಟ್ಟು ಸಿದ್ಧವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಆ ಹಳೆಯ ಅಣೆಕಟ್ಟೇ ನೀರಿನಲ್ಲಿ ಮುಳುಗಿತು. ಜಲಾಶಯ ಬರಿದಾದ ಬೇಸಗೆಗಳಲ್ಲಿ ಅದು ಮತ್ತೆ ಕಣ್ಣಿಗೆ ಬೀಳುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕಾಳೀ ನದಿಗೆ 1987ರಲ್ಲಿ ಪೂರ್ಣಗೊಂಡ ಸೂಪಾ ಅಣೆಕಟ್ಟಿನ ಎತ್ತರ ಸುಮಾರು 101 ಮೀಟರು. ಯಾಣದ ಮೋಹಿನಿ ಶಿಖರವು ಅದರ ಪಕ್ಕದಲ್ಲಿ ನಿಂತರೆ ಗಿಡ್ಡದಾಗಿಯೇ ಕಂಡೀತು. ಸೂಪಾ ಎಂಬ ಊರೇ ಆ ನೀರಿನ ಅಡಿಯಲ್ಲಿದೆ. ಪ್ರಕೃತಿಯು ಈ ಜಿಲ್ಲೆಗೆ ಕೊಡದ ಆಳವನ್ನು ಮನುಷ್ಯನು ಒಂದು ತಲೆಮಾರಿನಲ್ಲಿ ನಿರ್ಮಿಸಿದನು. ಆ ಆಳದ ಬೆಲೆಯನ್ನು ಊರು ಬಿಟ್ಟು ಎದ್ದುಹೋದ ಕುಟುಂಬಗಳು ತೆತ್ತವು. ಜಲಾಶಯದ ಪೂರ್ಣಮಟ್ಟವು ಪತ್ರಿಕೆಯಲ್ಲಿ ಬರುತ್ತದೆ. ಆ ಮಟ್ಟದ ಕೆಳಗೆ ಯಾವ ದೇವಾಲಯ, ಯಾವ ಕೆರೆ, ಯಾವ ಶಿಲಾಲೇಖಗಳಿದ್ದುವೆಂಬ ವಿವರವು ಅಷ್ಟು ಸುಲಭವಾಗಿ ದೊರೆಯುವುದಿಲ್ಲ.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದನೆಯದಾಗಿ, ಆಳ ಮತ್ತು ತಗ್ಗುಗಳು ಬೇರೆ ಬೇರೆ ಸೊನ್ನೆಗಳಿಂದ ಹೊರಡುವ ಅಳತೆಗಳು; ಯಾವ ಸೊನ್ನೆಯೆಂದು ಹೇಳದೆ ಅಂಕಿಯನ್ನು ಮಾತ್ರ ಹೇಳಿದರೆ ಅದು ನಿರರ್ಥಕ. ಎರಡನೆಯದಾಗಿ, ಇವೆರಡೂ ಕಾಲಕಾಲಕ್ಕೆ ಬದಲಾಗುವಂಥವು. ಬೈಕಾಲ್, ಮೃತ ಸಮುದ್ರಗಳೂ ಈ ನಿಯಮಕ್ಕೆ ಹೊರತಲ್ಲ. ಮೂರನೆಯದಾಗಿ, ಕನ್ನಡ ನಾಡಿನಲ್ಲಿ ಈ ಬದಲಾವಣೆಯು ಬಹುಮಟ್ಟಿಗೆ ಮಾನವ ನಿರ್ಮಿತವಾದುದರಿಂದ ಅದು ಇತಿಹಾಸದ ವಸ್ತು.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆಂದು ಹಳ್ಳಿಗಳಿಗೆ ಹೋಗುತ್ತಾರೆ. ಕೆರೆಯ ಏರಿಯ ಮೇಲಿನ ಶಾಸನದ ಪಡಿಯಚ್ಚನ್ನು ತೆಗೆಯುತ್ತಾರೆ. ತೂಬಿನ ಕಂಬಗಳ ಚಿತ್ರವನ್ನು ಬರೆದುಕೊಳ್ಳುತ್ತಾರೆ. ಅದರೊಡನೆ ಇನ್ನೊಂದು ಕೆಲಸವನ್ನೂ ಮಾಡಬಹುದಾಗಿದೆ. ಗಂಟು ಹಾಕಿದ ಒಂದು ಹಗ್ಗ, ಒಂದು ಗುಂಡುಕಲ್ಲು, ಅಂಬಿಗನ ಒಂದು ಹರಿಗೋಲು, ಇಷ್ಟಿದ್ದರೆ ಸಾಕು. ಏರಿಯ ತಲೆಯಿಂದ ನೀರಿಗೆ ಎಷ್ಟು, ನೀರಿನಿಂದ ತಳಕ್ಕೆ ಎಷ್ಟು, ಹಳೆಯ ತೂಬಿನ ಹೊಸ್ತಿಲು ಹೂಳಿನಿಂದ ಎಷ್ಟು ಕೆಳಗಿದೆ ಎಂಬ ಮೂರು ಅಳತೆಗಳನ್ನು, ತೆಗೆದ ದಿನಾಂಕದೊಡನೆ, ಶಾಸನದ ಪಾಠದ ಪಕ್ಕದಲ್ಲಿಯೇ ಬರೆದಿಡಬೇಕು. ತೂಬನ್ನು ಕಟ್ಟಿದವರು ಅದರ ಹೊಸ್ತಿಲನ್ನು ಅಂದಿನ ತಳಕ್ಕೆ ಹೊಂದಿಸಿಯೇ ಇಟ್ಟಿರುವರಾದುದರಿಂದ, ಅದರ ಮೇಲೆ ಕೂಡಿರುವ ಹೂಳಿನ ದಪ್ಪವು ಕೆರೆಯು ಕಳೆದುಕೊಂಡ ಆಳವನ್ನು ಸ್ಥೂಲವಾಗಿಯಾದರೂ ತಿಳಿಸುತ್ತದೆ. ಗಡಿಪಾರಾದ ಇಬ್ಬರು ವಿದ್ವಾಂಸರು ಸೈಬೀರಿಯದ ಚಳಿಯಲ್ಲಿ ಮಾಡಿದ ಕೆಲಸವನ್ನು ನಮ್ಮ ಊರಿನ ಕೆರೆಯಲ್ಲಿ ಮಾಡುವುದು ಕಷ್ಟವೇನಲ್ಲ. ಅನೇಕ ಕೆರೆಗಳು ಹೂಳಿನಿಂದ ಮುಚ್ಚಿಹೋಗಿ ಆಟದ ಬಯಲುಗಳೂ ಬಡಾವಣೆಗಳೂ ಆಗಿವೆ. ಅಲ್ಲಿ ಅಳೆಯಲು ಇನ್ನು ಏನೂ ಉಳಿದಿಲ್ಲ. ಉಳಿದಿರುವ ಕಡೆಗಳಲ್ಲಿ ಈ ಕೆಲಸವು ಬೇಗನೆ ನಡೆಯಬೇಕು.